ಕೋಮಲಕ್ಕನ ಉಂಗುರದ ಬೆರಳು

ನಮ್ಮೂರಿನಲ್ಲಿ ಕಾಗದ ಮಾತಾಡುತ್ತದೆ. ಬರೆದ ಮುಖ ಮೇಲೆ ಬಂದರೆ ಸಾಕು, ಬರೆದವರ ದನಿಯಲ್ಲೇ ಶುರು ಹಚ್ಚಿಕೊಳ್ಳುತ್ತದೆ. ಬೋರಲು ಹಾಕಿದರೆ ಸುಮ್ಮನಾಗುತ್ತದೆ. ಹೊರಗಿನಿಂದ ಬಂದ ನೆಂಟರು ಮೊದಲು ಬೆಚ್ಚಿಬೀಳುತ್ತಾರೆ, ಆಮೇಲೆ ನಗುತ್ತಾರೆ, ಕೊನೆಗೆ ತಲೆನೋವೆಂದು ಬಸ್ಸು ಹತ್ತುತ್ತಾರೆ. ನಮಗೆ ರೂಢಿಯಾಗಿದೆ. ಅಂಗಡಿಯ ಬೋರ್ಡುಗಳಿಗೆಲ್ಲ ಗೋಣಿತಾಟಿನ ಪರದೆ ಕಟ್ಟಿದ್ದೇವೆ, ವ್ಯಾಪಾರದ ಹೊತ್ತಿಗೆ ಮಾತ್ರ ಎತ್ತುತ್ತೇವೆ. ಹೊಸದಾಗಿ ಮದುವೆ ಗೊತ್ತಾದವರು ಕಾಗದ ಬಂದರೆ ಹೊಲದ ನಡುವೆ ಹೋಗಿ ಬಿಡಿಸುತ್ತಾರೆ. ಊರಿಗಿರುವುದು ಒಂದೇ ಪ್ರೆಸ್ಸು, ಮಾರ್ತಾಂಡಯ್ಯನದು. ಹಾಗಾಗಿ ಇಲ್ಲಿ ಅಚ್ಚಾದದ್ದೆಲ್ಲ ಅವನ ದನಿಯಲ್ಲೇ ಮಾತಾಡುತ್ತದೆ. ಅವನಿಗೆ ನೆಗಡಿ ಹಿಡಿದಿದ್ದ ವರ್ಷ ಲಗ್ನಪತ್ರಿಕೆಗಳೆಲ್ಲ ಸೊರಸೊರ ಎನ್ನುತ್ತಿದ್ದವು.

ನಾನು ಚೆನ್ನಾಜಿ. ಪೇಟೆಬೀದಿಯಲ್ಲಿ ಖಾರದಪುಡಿ, ಸಾರಿನಪುಡಿ ಮಾರುವ ಅಂಗಡಿ ನನ್ನದು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಇಂಥ ಊರಿನಲ್ಲಿ ಕಣ್ಣಿಲ್ಲದಿದ್ದರೆ ಏನು ಕಷ್ಟ ಎಂದು ಜನ ಕೇಳುತ್ತಾರೆ. ಕಾಗದವೇ ಬಾಯಿ ಬಿಟ್ಟು ಹೇಳುವಾಗ ನಿನಗೂ ನಮಗೂ ಏನು ವ್ಯತ್ಯಾಸ ಅನ್ನುತ್ತಾರೆ. ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹಾಗೆ ಕೇಳಿದವರಿಗೆ ನಾನು ಒಂದು ಹಿಡಿ ಖಾರದಪುಡಿ ಕಡಿಮೆಯೇ ಹಾಕುವುದು.

ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ನನಗೆ ಹತ್ತು ವರ್ಷವಿದ್ದಿರಬೇಕು, ಚಕ್ಕುಲಿ, ಕೋಡುಬಳೆ ಮಾಡಿ ಮಾರುವ ಕೋಮಲಕ್ಕ ಮನೆಗೆ ಬಂದಳು. ಚಕ್ಕುಲಿಯ ಡಬ್ಬವನ್ನು ಜಗಲಿಯ ಮೇಲೆ ಇಟ್ಟವಳೇ, ವ್ಯಾಪಾರದ ಮಾತು ಬಿಟ್ಟು, "ಈ ಹುಡುಗೀನ ನನ್ನ ಹತ್ರ ಕಳಿಸು. ಓದು ಕಲಿಸ್ತೀನಿ" ಅಂದಳು.

"ಕಾಗದಾನೇ ಓದುತ್ತೆ. ಇವಳ್ಯಾಕೆ ಓದ್ಬೇಕು?" ಅಂದಳು ಅವ್ವ.

"ಕಾಗದ ಓದಿದ್ರೆ ಕಾಗದ ಜಾಣ ಆಯ್ತು. ಇವಳೇನಾದ್ಲು?"

ಕೋಮಲಕ್ಕ ಕಾಸಿಲ್ಲದೆ ಕೊಟ್ಟ ಎರಡು ಚಕ್ಕುಲಿಯ ಮುಲಾಜಿಗೆ ಸಿಕ್ಕಿ ಅವ್ವ ಮಾರನೆಯ ದಿನ ನನ್ನನ್ನು ಕಳಿಸಿದಳು.

ಕೋಮಲಕ್ಕನಿಗೆ ಓದು ಕಲಿಸುವ ಈ ಹುಚ್ಚು ಅಂಟಿಕೊಂಡದ್ದು ಅವಳ ತಮ್ಮನಿಂದ. ಶೇಷ ಎಂದು ಹೆಸರು, ಅವನಿಗೂ ಕಣ್ಣಿರಲಿಲ್ಲ. ಹಾಡು ಕಟ್ಟುತ್ತಿದ್ದನಂತೆ. ಕಟ್ಟಿದ್ದನ್ನು ಬರೆದಿಡಲು ಇವಳೇ ಕೂತುಕೊಳ್ಳುತ್ತಿದ್ದಳು. ಆದರೆ ಹಾಳೆ ತಿರುಗಿಸಿದರೆ ಹಾಡು ಬರುತ್ತಿದ್ದುದು ಬರೆದವಳ ದನಿಯಲ್ಲಿ. "ಅಕ್ಕಾ, ಇದು ನಿನ್ನ ಹಾಡಾಗೋಯ್ತು" ಎಂದು ಅವನು ಅಳುತ್ತಿದ್ದನಂತೆ. ಜ್ವರ ಬಂದು ಹೋಗಿಬಿಟ್ಟ. ಅವನು ಹೋದಮೇಲೆ ಇವಳು ಕಾಗದಗಳು ಮೂಕವಾಗಿರುವ ಯಾವುದೋ ದೂರದ ಊರಿಗೆ ಮದುವೆಗೆಂದು ಹೋಗಿದ್ದಳು. ಅಲ್ಲಿ ಒಬ್ಬರು ಹಾಳೆಯ ಮೇಲೆ ಬೆರಳಾಡಿಸಿ ಓದುವುದನ್ನು ನೋಡಿದಳು. ಮದುವೆ ಊಟವನ್ನೂ ಬಿಟ್ಟು ಅವರ ಪಕ್ಕದಲ್ಲೇ ಕೂತು ಬ್ರೈಲು ಎಂಬ ಆ ಚುಕ್ಕಿಗಳನ್ನು ಕಲಿತು ಬಂದಳು. ಬರುವಾಗ ಒಂದು ಸ್ಲೇಟು, ಒಂದು ದಬ್ಬಳ ತಂದಳು. ಸ್ಲೇಟು ಅಂದರೆ ಸಾಲುಸಾಲು ಸಣ್ಣ ಕಿಟಕಿಗಳಿರುವ ಲೋಹದ ಪಟ್ಟಿ. ಅದರ ನಡುವೆ ಹಾಳೆ ಸಿಕ್ಕಿಸಿ, ಕಿಟಕಿಯೊಳಗೆ ದಬ್ಬಳದಿಂದ ಚುಚ್ಚಿದರೆ ಹಾಳೆಯ ಆಚೆ ಮುಖದಲ್ಲಿ ಚುಕ್ಕಿ ಉಬ್ಬುತ್ತದೆ.

ಈ ಚುಕ್ಕಿ ಮಾತ್ರ ನಮ್ಮೂರಿನಲ್ಲೂ ಬಾಯಿ ಬಿಡುವುದಿಲ್ಲ.

ಅಕ್ಷರಗಳೆಲ್ಲ ಬಂದಮೇಲೆ ಒಂದು ಮಧ್ಯಾಹ್ನ ಕೋಮಲಕ್ಕ ನನ್ನ ಮುಂದೆ ಒಂದು ಹಾಳೆ ಇಟ್ಟು ಎದ್ದುಹೋದಳು. ನಾನು ಬೆರಳಿಟ್ಟೆ. ಬೆಕ್ಕು ಬಿಸಿಲಿಗೆ ಕೂತಿದೆ ಎಂದಿತ್ತು. ಕೋಣೆಯಲ್ಲಿ ಯಾರ ದನಿಯೂ ಇರಲಿಲ್ಲ. ಅವ್ವನದಲ್ಲ, ಮಾರ್ತಾಂಡಯ್ಯನದಲ್ಲ, ಕೋಮಲಕ್ಕನದೂ ಅಲ್ಲ. ಆದರೂ ಮಾತು ನನಗೆ ತಿಳಿಯಿತು. ಹೆದರಿ ಕೂಗಿದೆ, "ಅಕ್ಕಾ, ಇದನ್ನ ಓದಿದ್ದು ಯಾರು?"

"ನೀನೇ ಕಣೇ" ಅಂದಳು ಕೋಮಲಕ್ಕ ಒಲೆಯ ಮುಂದಿನಿಂದ.

ಆವತ್ತು ನಾನು ಆ ಬೆಕ್ಕನ್ನು ಎಷ್ಟು ಸಲ ಬಿಸಿಲಿಗೆ ಕೂರಿಸಿದೆನೋ. ಮಾತಾಡುವ ಕಾಗದ ತನ್ನ ಪಾಡಿಗೆ ತಾನು ಓಡುತ್ತದೆ. ತಡಿ ಮಾರಾಯ, ಆ ಮಾತು ಇನ್ನೊಂದು ಸಲ ಹೇಳು ಎಂದರೆ ಕೇಳುವುದಿಲ್ಲ, ಮೊದಲಿಂದ ಶುರು ಮಾಡುತ್ತದೆ. ಚುಕ್ಕಿ ಹಾಗಲ್ಲ. ಬೆರಳು ನಿಂತರೆ ಅದೂ ನಿಲ್ಲುತ್ತದೆ. ಬೇಕಾದರೆ ಬೆಕ್ಕಿನ ಮೇಲೇ ಇರಬಹುದು, ಬಿಸಿಲಿಗೆ ಹೋಗಬೇಕೆಂದೇನಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಬರೆಯಲು ಬಂತು. ನಾನು ಬರೆದದ್ದು ನನ್ನದಾಗಿಯೇ ಉಳಿಯಿತು.

ಚುಕ್ಕಿಗೆ ದಪ್ಪ ಹಾಳೆ ಬೇಕು, ತೆಳು ಹಾಳೆ ಹರಿದುಹೋಗುತ್ತದೆ. ಅದಕ್ಕೇ ಪ್ರತಿ ವರ್ಷ ಹೊಸ ಕ್ಯಾಲೆಂಡರು ಬಂದ ಕೂಡಲೇ ಕೋಮಲಕ್ಕ ಮನೆಮನೆಗೆ ಹೋಗಿ ಹಳೆಯ ಕ್ಯಾಲೆಂಡರು ಬೇಡುತ್ತಿದ್ದಳು. ಅವಳನ್ನು ಕಂಡರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕ್ಯಾಲೆಂಡರು ಕೇಳಲು ಬಂದವಳು, "ನಿಮ್ಮ ಭಾವನ ಮಗೂಗೆ ಕಣ್ಣು ಮಂಜಂತೆ? ಈಗಲೇ ಕಳಿಸಿ" ಎಂದು ಅಲ್ಲೇ ಕೂತುಬಿಡುತ್ತಿದ್ದಳಲ್ಲ, ಅದಕ್ಕೆ. ಮದುವೆಗೆ ಹೋದರೂ ಅದೇ ಮಾತು, ಸಾವಿನ ಮನೆಗೆ ಹೋದರೂ ಅದೇ ಮಾತು. ಪುರಸಭೆಗೆ ಅಲೆದಲೆದು ಹಳೇ ಸುಂಕದ ಕಟ್ಟೆಯ ಕೋಣೆಯೊಂದನ್ನು ತರಗತಿಗೆ ಹೊಂದಿಸಿದಳು. ಅಲ್ಲಿ ಎಷ್ಟೋ ಮಕ್ಕಳು ಕಲಿತರು. ನಾವು ಅಚ್ಚಿನ ಮುಖ ಮೇಲೆ ಮಾಡಿ ಚುಚ್ಚಬೇಕು, ಹಾಗಾಗಿ ಬರೆಯುವಷ್ಟು ಹೊತ್ತೂ ಮಾರ್ತಾಂಡಯ್ಯನ ದನಿ ಕೈಕೆಳಗೆ ದಶಮಿ, ಏಕಾದಶಿ, ಪ್ರದೋಷ ಎಂದು ಗೊಣಗುತ್ತಿರುತ್ತಿತ್ತು. ಹಾಳೆ ತಿರುಗಿಸಿ ಓದಲು ಕೂತರೆ ಕೋಣೆಯೆಲ್ಲ ಗಪ್‌ಚಿಪ್. ಆ ತರಗತಿಗೆ ಕೋಮಲಕ್ಕನದು ಒಂದೇ ಕಟ್ಟಳೆ. ಓದುವವರು ಎಷ್ಟೇ ತಡವರಿಸಲಿ, ಪಕ್ಕದವರು ಹೇಳಿಕೊಡಕೂಡದು.

ರಾತ್ರಿ ಹಗಲೆನ್ನದೆ ಚುಚ್ಚಿ ಚುಚ್ಚಿ ಅವಳು ಪುಸ್ತಕಗಳನ್ನೂ ಮಾಡಿದಳು. ಚುಕ್ಕಿಯ ಪುಸ್ತಕ ಅಂದರೆ ಒಂದೊಂದೂ ದಿಂಬಿನಷ್ಟು ದಪ್ಪ. ಕೋಣೆಯ ಮೂರು ಗೋಡೆಗೂ ಅವೇ ತುಂಬಿಕೊಂಡಿವೆ. ಜಗತ್ತಿನಲ್ಲಿ ಅವುಗಳ ಇನ್ನೊಂದು ಪ್ರತಿ ಇಲ್ಲ.

ಈ ವರ್ಷ ಪುರಸಭೆಯ ಅಧ್ಯಕ್ಷ ಜಂಬಣ್ಣನ ಕಣ್ಣು ಆ ಕೋಣೆಯ ಮೇಲೆ ಬಿತ್ತು. ಅವನು ಕೆಟ್ಟವನೇನಲ್ಲ. ಊರಿನ ಬಡವರ ಮದುವೆಗೆಂದು ದೊಡ್ಡ ಕೊಪ್ಪರಿಗೆ, ಬೋಗುಣಿ, ಕುರ್ಚಿಗಳನ್ನು ತರಿಸಿದ್ದ. ಇಡಲು ಜಾಗವಿರಲಿಲ್ಲ. "ಕೋಮಲಮ್ಮಾ, ನಮ್ಮೂರಲ್ಲಿ ಕಾಗದಾನೇ ಮಾತಾಡುತ್ತೆ, ಚುಕ್ಕಿ ಯಾರಿಗೆ ಬೇಕು ಹೇಳಿ? ಈಗಿರೋದೂ ನಾಲ್ಕೈದು ಮಕ್ಕಳು" ಅಂದ. ಬೇಕೆನ್ನುವುದಾದರೆ ಮುಂದಿನ ಅಮಾವಾಸ್ಯೆಯ ಸಭೆಗೆ ಅರ್ಜಿ ತನ್ನಿ, ಸದಸ್ಯರೆಲ್ಲ ಕೇಳಲಿ ಎಂದ. ಆ ಮಾತು ಊರಿಗೆಲ್ಲ ಹಬ್ಬಿತು. ಮಕ್ಕಳ ತಾಯಂದಿರು ಆಗಲೇ ಹಿಂದೆಮುಂದೆ ನೋಡತೊಡಗಿದರು.

ಕೋಮಲಕ್ಕ ಮಾತ್ರ ಯಾವತ್ತಿನ ಹಾಗೆ ಕ್ಯಾಲೆಂಡರು ಕೂಡಿಸುತ್ತಿದ್ದಳು. ಒಂದು ದಿನ ದೊಡ್ಡ ಕಟ್ಟೊಂದನ್ನು ತಂದು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹಾಕಿ, "ಹೊಸ ಹಾಳೆ ಕಣೇ, ಎಣಿಸಿ, ನೋಡಿ, ಜೋಡಿಸಿ ತಂದಿದ್ದೀನಿ. ಅಳತೆಗೆ ಕತ್ತರಿಸು" ಅಂದಳು. ನಾನು ಮೇಲಿನ ಹಾಳೆ ಎತ್ತಿಕೊಂಡೆ. ಬೆರಳ ತುಂಬ ಚುಕ್ಕಿ! ಹೋದ ವರ್ಷದ ಮಕ್ಕಳು ಬರೆದು ಮುಗಿಸಿದ ಹಾಳೆ ಅದು. ಕೆಳಗಿನದೂ ಅಂಥದ್ದೇ. ಕಟ್ಟಿನ ಅರ್ಧ ಹೀಗೇ.

"ಅಕ್ಕಾ, ಇದು ಬರೆದ ಹಾಳೆ" ಅಂದೆ.

ನನಗೆ ಒಂದೇ ಏಟಿಗೆ ಎರಡು ಸಂಗತಿ ತಿಳಿಯಿತು. ಕಣ್ಣಿಂದ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಸರಿ, ಕಣ್ಣು ಹೋಗಿದೆ. ಆದರೆ ಒಂದೊಂದೇ ಹಾಳೆಯನ್ನು ಕೈಯಲ್ಲಿ ಹಿಡಿದು ಎಣಿಸಿದ್ದಳಲ್ಲ, ಆ ಕೈಗೂ ಚುಕ್ಕಿ ತಗಲಲಿಲ್ಲವೇ? ಇಷ್ಟು ವರ್ಷ ನಮಗೆಲ್ಲ ಕಲಿಸಿದವಳ ಬೆರಳಿಗೆ ಚುಕ್ಕಿಯೇ ಗೊತ್ತಿಲ್ಲವೇ?

"ಡಾಕ್ಟ್ರು ಕಣ್ಣಿನ ನರ ಹೋಗಿದೆ ಅಂದ್ರು. ಆಪರೇಷನ್ನಿಗೂ ಬರಲ್ವಂತೆ" ಅಂದಳು ಮೆಲ್ಲಗೆ. "ಬೆಳಕು ಕತ್ತಲೆ ಅಷ್ಟೇ ಕಾಣೋದು ಈಗ."

"ಬೆರಳಿಗೇನಾಗಿದೆ?"

"ನಾನು ಯಾವತ್ತೂ ಬೆರಳಲ್ಲಿ ಓದಿಲ್ವೇ ಚೆನ್ನಾಜಿ. ಕಣ್ಣಲ್ಲಿ ನೋಡಿ ನಿಮ್ಮ ತಪ್ಪು ತಿದ್ದಿದ್ದೀನಿ ಅಷ್ಟೇ. ಕಣ್ಣಿದ್ದಾಗ ಬೆರಳು ಯಾಕೆ ಬೇಕಿತ್ತು?"

ನನಗೆ ಅಳು ಬಂತು, ನಗುವೂ ಬಂತು. ಅಳುವುದೋ ನಗುವುದೋ ಎಂದು ನೋಡುವಷ್ಟರಲ್ಲಿ ಅವಳೇ ಅಂದಳು, "ಇರ್ಲಿ ಬಿಡು. ನಮ್ಮೂರಲ್ಲಿ ಕಾಗದಾನೇ ಮಾತಾಡುತ್ತಲ್ಲ. ಈ ವಯಸ್ಸಲ್ಲಿ ನಂಗ್ಯಾಕೆ ಚುಕ್ಕಿ?"

ಸಿಟ್ಟು ನೆತ್ತಿಗೇರಿತು ನನಗೆ. ಕೈಯಲ್ಲಿದ್ದ ಅಳತೆಯ ಚಮಚವನ್ನು ಮೆಂತ್ಯದ ಡಬ್ಬಕ್ಕೆ ಬಿಸಾಕಿದೆ. "ಏನಂದ್ರಿ? ಇನ್ನೊಂದ್ಸಲ ಅನ್ನಿ! ನಮ್ಮವ್ವ ಈ ಮಾತು ಅಂದಾಗ ನೀವೇನಂದ್ರಿ, ನೆನಪಿದೆಯಾ? ಊರಲ್ಲಿ ಯಾರ್‍ಯಾರು ಈ ಮಾತು ಅಂದ್ರೋ ಅವರ ಮನೆಗೆಲ್ಲ ಹೋಗಿ ಜಗಳ ಆಡ್ಲಿಲ್ವಾ ನೀವು? ಈಗ ನಿಮ್ಮ ಬಾಯಲ್ಲೇ ಬಂತಲ್ಲ. ಜಂಬಣ್ಣನಿಗೆ ಇನ್ನೇನು ಬೇಕು? ಕೋಮಲಮ್ಮನಿಗೇ ಬೇಡವಂತೆ ಅಂತ ನಾಳೇನೇ ಕೊಪ್ಪರಿಗೆ ತಂದಿಡ್ತಾನೆ!"

"ಕೂಗಾಡ್ಬೇಡ ಕಣೇ. ಗಿರಾಕಿಗಳು ಬರ್ತಾರೆ."

"ಬರ್ಲಿ!"

ಕೋಮಲಕ್ಕ ಎದ್ದುಹೋದಳು. ಎರಡು ದಿನ ಬರಲಿಲ್ಲ. ನಾನೂ ಹೋಗಲಿಲ್ಲ, ಹಟ ಅಂದರೆ ನಮ್ಮಿಬ್ಬರದೂ ಹಟವೇ. ಅದರ ಮಾರನೆಯ ಮಧ್ಯಾಹ್ನ ಅಂಗಡಿಯ ಮೆಟ್ಟಿಲು ತಡಕಾಡಿಕೊಂಡು ಬಂದು ಎದುರಿಗೆ ಕೂತಳು. ಎರಡೂ ಕೈ ಚಾಚಿ, "ತಗೋ. ಇವಕ್ಕೇನಾದ್ರೂ ಆಗುತ್ತಾ ನೋಡು" ಅಂದಳು.

ಅವಳ ಬೆರಳುಗಳನ್ನು ನಾನು ಅಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಮುಟ್ಟಿ ನೋಡಿದ್ದು. ಕಾದ ಬಾಣಲೆಯಿಂದ ಚಕ್ಕುಲಿಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ತುದಿಗಳೆಲ್ಲ ಒಣಗಿದ ಕೊಬ್ಬರಿ ಚಿಪ್ಪಿನ ಹಾಗಾಗಿದ್ದವು. ಬಲಗೈ ಹೆಬ್ಬೆರಳು ಸತ್ತಿತ್ತು. ತೋರುಬೆರಳು, ನಡುಬೆರಳು ಎರಡೂ ಅಷ್ಟೇ. ಎಡಗೈಯದೂ ಹಾಗೇ. ಆದರೂ ಬಿಡದೆ ಒಂದೊಂದನ್ನೇ ಚುಕ್ಕಿಯ ಮೇಲೆ ಇಟ್ಟು "ಏನಾದ್ರೂ ತಿಳಿಯುತ್ತಾ?" ಎಂದು ಕೇಳುತ್ತ ಹೋದೆ. ಇಲ್ಲ, ಇಲ್ಲ ಅನ್ನುತ್ತಿದ್ದವಳು ಎಡಗೈ ಉಂಗುರದ ಬೆರಳು ಇಟ್ಟಾಗ ತಡೆದಳು.

"ಇಲ್ಲೇನೋ ಇದೆ."

ಆ ಬೆರಳು ಜನ್ಮದಲ್ಲಿ ಒಂದು ಕೆಲಸಕ್ಕೂ ಹೋಗಿರಲಿಲ್ಲ. ಉಂಗುರ ಹಾಕಿಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತಿತ್ತು. ಈಗ ಅದರ ಪಾಳಿ ಬಂತು.

ದಿನಾ ಮಧ್ಯಾಹ್ನ ಬಿಸಿ ನೀರಿನಲ್ಲಿ ಕೈ ಅದ್ದಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ ಪಾಠಕ್ಕೆ ಕೂರಿಸುತ್ತಿದ್ದೆ. ನನ್ನ ಅಂಗಡಿಯ ಡಬ್ಬಗಳಿಗೆಲ್ಲ ಚುಕ್ಕಿಯ ಚೀಟಿ ಅಂಟಿಸಿದ್ದೇನೆ, ಅವನ್ನೇ ಓದಿಸುತ್ತಿದ್ದೆ. ಅಕ್ಷರಗಳು ಅವಳಿಗೆ ಬಾಯಿಪಾಠ, ಆದರೆ ಬೆರಳಿಗೆ ಅವು ಗೊಂಚಲಾಗಿ ಒಂದರ ಮೇಲೊಂದು ಬಿದ್ದಂತಾಗುತ್ತಿದ್ದವು. ನಾಲ್ಕನೇ ದಿನ ಫಟಾಫಟ್ ಎಂದು ಜೀರಿಗೆ, ಧನಿಯ, ಇಂಗು ಎಂದು ಹೇಳತೊಡಗಿದಳು. ನನಗೆ ಎಲ್ಲಿಲ್ಲದ ಖುಷಿ. ಆಮೇಲೆ ಅವಳು ಪ್ರತಿ ಡಬ್ಬದ ಹತ್ತಿರವೂ ಉದ್ದಕ್ಕೆ ಉಸಿರೆಳೆಯುತ್ತಿರುವುದು ಕೇಳಿಸಿತು.

"ಮೂಗಲ್ಲಿ ಓದ್ತಿದ್ದೀರಾ?"

"ಸ್ವಲ್ಪ ಅಷ್ಟೇ ಕಣೇ" ಅಂದಳು, ಸಿಕ್ಕಿಬಿದ್ದ ಮಕ್ಕಳ ದನಿಯಲ್ಲಿ.

ಮಾರನೆಯ ದಿನದಿಂದ ಖಾಲಿ ಡಬ್ಬಗಳನ್ನೇ ಕೊಟ್ಟೆ. ಬೈದುಕೊಂಡಳು. ಅತ್ತಳು ಕೂಡ. "ನಿಮಗೆಲ್ಲ ಇಷ್ಟು ಕಷ್ಟ ಇತ್ತೇನೇ? ನನಗೆ ಗೊತ್ತೇ ಆಗ್ಲಿಲ್ವಲ್ಲ. ತಪ್ಪು ಓದಿದ್ರೆ ಎಷ್ಟು ಗದರಿಸ್ತಿದ್ದೆ" ಅಂದಳು ಒಂದು ಸಲ. "ಈಗ ಗೊತ್ತಾಯ್ತಲ್ಲ, ಮುಂದಿನ ಅಕ್ಷರ ಓದಿ" ಅಂದೆ.

ಅಮಾವಾಸ್ಯೆ ಬಂತು. ಪುರಸಭೆಯ ಹಾಲು ತುಂಬಿ ಗಿಜಿಗಿಜಿ ಅನ್ನುತ್ತಿತ್ತು. ನಮ್ಮಲ್ಲಿ ಅರ್ಜಿಯನ್ನು ಯಾರೂ ಓದಿ ಹೇಳುವುದಿಲ್ಲ. ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಡುತ್ತಾರೆ, ಅದೇ ತನ್ನ ಗೋಳು ಹೇಳಿಕೊಳ್ಳುತ್ತದೆ. ನಲ್ಲಿಯ ಅರ್ಜಿ, ಚರಂಡಿಯ ಅರ್ಜಿ ಎಲ್ಲ ಕೂಗಾಡಿ ಮುಗಿದಮೇಲೆ ಗುಮಾಸ್ತ ಕೋಮಲಕ್ಕನದನ್ನು ಇಟ್ಟ. ಅದನ್ನು ಅವಳೇ ಒಬ್ಬಳೇ ಕೂತು ಚುಚ್ಚಿದ್ದಳು, ನನಗೂ ತೋರಿಸಿರಲಿಲ್ಲ.

ಹಾಳೆ ಸುಮ್ಮನಿತ್ತು. ಎಲ್ಲರೂ ಕಾದರು.

"ಖಾಲಿ ಹಾಳೆ ಕೊಟ್ಟಿದ್ದೀರಲ್ಲಮ್ಮ" ಅಂದ ಗುಮಾಸ್ತ. ಅಂದು ಹಾಳೆಯನ್ನು ಮಗುಚಿದ. ಕೂಡಲೇ ಮಾರ್ತಾಂಡಯ್ಯನ ದನಿ ದೊಡ್ಡದಾಗಿ, "ಕಾರ್ತೀಕ ಮಾಸ, ಶುಕ್ಲ ಪಕ್ಷ, ಪಾಡ್ಯ" ಎಂದು ಶುರು ಮಾಡಿತು. ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಮಾರ್ತಾಂಡಯ್ಯನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

"ಅದನ್ನ ಬೋರಲು ಹಾಕಿ ಇತ್ಲಾಗೆ ಕೊಡಪ್ಪ" ಅಂದಳು ಕೋಮಲಕ್ಕ.

ನಾನು ಅವಳನ್ನು ಮೇಜಿನವರೆಗೆ ಕರೆದುಕೊಂಡು ಹೋದೆ. ಎಡಗೈಯನ್ನು ಹಾಳೆಯ ಮೇಲೆ ಇಟ್ಟಳು. ಅವಳಿಗೆ ಕಣ್ಣಿಲ್ಲವೆಂದು ಊರಿಗೆ ಆಗಷ್ಟೇ ತಿಳಿದದ್ದು. ನಗು ನಿಂತಿತು.

"ನ," ಅಂದಳು. "ನನ್ನ. ಹೆ... ಹೆಸ... ಹೆಸರು. ಕೋಮಲ."

ಒಂದನೇ ಕ್ಲಾಸಿನ ಮಗು ಕೂಡ ಅದಕ್ಕಿಂತ ಬೇಗ ಓದುತ್ತದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಬೆರಳು ಎಲ್ಲೋ ಸಿಕ್ಕಿಕೊಂಡಿತು. ಹಿಂದೆ ಹೋದಳು, ಮುಂದೆ ಬಂದಳು, ಮತ್ತೆ ಹಿಂದೆ ಹೋದಳು. ಗುಮಾಸ್ತನಿಗೆ ಅಯ್ಯೋ ಅನ್ನಿಸಿತೋ ಏನೋ, "ಅಮ್ಮಾ, ನೀವೇ ಬರೆದದ್ದಲ್ವಾ, ಬಾಯಲ್ಲೇ ಹೇಳ್ಬಿಡಿ, ಸಾಕು" ಅಂದ.

"ಹೇಳೋಕೆ ಬಂದಿಲ್ಲಪ್ಪ. ಓದೋಕೆ ಬಂದಿದ್ದೀನಿ."

ಅವಳ ಬೆರಳು ಎಲ್ಲಿ ನಿಂತಿದೆ ಎಂದು ಮುಟ್ಟಿ ನೋಡಲು ನನ್ನ ಕೈ ತುರಿಸುತ್ತಿತ್ತು. ಹಿಂದಿನ ಬೆಂಚಿನಲ್ಲಿ ಅವಳ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೂ ಉಸಿರು ಬಿಗಿಹಿಡಿದಿದ್ದು ನನಗೆ ಕೇಳಿಸುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಹೇಳಿಕೊಡಕೂಡದು. ಆ ಹಾಲಿನಲ್ಲಿ ಅಷ್ಟೊಂದು ಜನರಿದ್ದು ಅಷ್ಟು ಸುಮ್ಮನಿದ್ದದ್ದು ನಾನು ಬೇರೆ ಯಾವತ್ತೂ ಕೇಳಿಲ್ಲ.

ಬೆರಳು ಮತ್ತೆ ನಡೆಯಿತು. "ನನ್ನ ತಮ್ಮ ಶೇಷ. ಅವನಿಗೆ ನಾನು ಇದನ್ನು ಕಲಿಸಲಿಲ್ಲ. ನಾನು ಕಲಿಯುವ ಹೊತ್ತಿಗೆ ಅವನಿರಲಿಲ್ಲ. ಈಗ ನನಗೆ ಕಣ್ಣಿಲ್ಲ. ಕೋಣೆ ಬೇಕು. ನನ್ನ ಓದು ಇನ್ನೂ ಮುಗಿದಿಲ್ಲ."

ಓದಿ ಮುಗಿಸುವಷ್ಟರಲ್ಲಿ ಅವಳ ಸೆರಗು ಬೆವರಿಗೆ ತೊಯ್ದಿತ್ತು. ಜಂಬಣ್ಣ ಒಮ್ಮೆ ಕೆಮ್ಮಿದ. "ತಪ್ಪು ತಿಳ್ಕೋಬೇಡಿ ಕೋಮಲಮ್ಮಾ, ನಾಳೆ ಸದಸ್ಯರು ನನ್ನನ್ನೇ ಕೇಳ್ತಾರೆ. ನೀವೇ ಬರೆದದ್ದು, ನಿಮಗೆ ಬಾಯಿಪಾಠ ಇರುತ್ತೆ. ಬೆರಳಲ್ಲೇ ಓದಿದ್ರಿ ಅಂತ ನಾನು ಹೆಂಗೆ ನಂಬಿಸ್ಲಿ?"

"ಬೇರೆಯವರ ಹತ್ರ ಬರೆಸು" ಅಂದಳು ಕೋಮಲಕ್ಕ ಥಟ್ಟನೆ.

"ಚೆನ್ನಾಜಿ, ನೀನೇ ಒಂದು ಮಾತು ಬರಿ ಹಾಗಾದ್ರೆ. ನಿಮ್ಮಿಬ್ಬರಿಗೂ ಮೊದಲೇ ಗೊತ್ತಿರೋದು ಬೇಡ. ಬರೆಯೋಕೆ ಮುಂಚೆ ನನ್ನ ಕಿವೀಲಿ ಹೇಳು" ಅಂದ ಜಂಬಣ್ಣ.

ಚೀಲದಿಂದ ಸ್ಲೇಟು, ದಬ್ಬಳ ತೆಗೆದೆ. ಯಾರೋ ಒಂದು ಕ್ಯಾಲೆಂಡರಿನ ಹಾಳೆ ಹರಿದುಕೊಟ್ಟರು. ಏನು ಬರೆಯಲಿ? ಸುಲಭದ್ದು ಬರೆದರೆ ಜನ ನಂಬುವುದಿಲ್ಲ. ಕಷ್ಟದ್ದು ಬರೆದರೆ ಆ ಬಡಪಾಯಿ ಬೆರಳು ಸೋತುಬಿಟ್ಟರೆ, ಕೋಣೆಯೂ ಹೋಯಿತು, ಗೋಡೆಯ ತುಂಬ ಇರುವ ಪುಸ್ತಕಗಳೂ ಹೋದವು. ಆಮೇಲೆ ತಾನೇ ಹೊಳೆಯಿತು. ಜಂಬಣ್ಣನ ಕಿವಿಯಲ್ಲಿ ಹೇಳಿದೆ. ಅವನಿಗೆ ತಲೆಬುಡ ತಿಳಿಯದೆ "ಹೂಂ, ಆಯ್ತು" ಅಂದ. ಕೈಕೆಳಗೆ ಮಾರ್ತಾಂಡಯ್ಯ ಬಿದಿಗೆ, ತದಿಗೆ, ಚೌತಿ ಎಂದು ಗೊಣಗುತ್ತಿರಲು ಟಕಟಕ ಚುಚ್ಚಿದೆ. ಹಾಳೆ ಬಿಡಿಸಿ, ತಿರುಗಿಸಿ, ಅವಳ ಮುಂದೆ ಇಟ್ಟೆ.

ಉಂಗುರದ ಬೆರಳು ಹೊರಟಿತು.

"ಇ... ಇದ... ಇದನ್ನು." ನಿಂತಳು. "ಓ... ಓದಿ... ಓದಿದ್ದು." ಮತ್ತೆ ನಿಂತಳು. ಈ ಸಲ ತುಂಬ ಹೊತ್ತು ನಿಂತಳು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಬೆರಳು ಸಾಲಿನ ಕೊನೆಗೆ ಹೋಗಿ, ಅಲ್ಲಿಂದ ವಾಪಸು ಬಂದು, ಇನ್ನೊಂದು ಸಲ ಹೋಯಿತು.

"ಇದನ್ನು ಓದಿದ್ದು ಯಾರು, ಅಕ್ಕಾ?"

ಓದಿದಳು. ಓದಿಯಾದಮೇಲೆ ಅದು ಏನೆಂದು ಅವಳಿಗೆ ತಿಳಿಯಿತು. ತಡಕಾಡಿ ನನ್ನ ಕೈ ಹಿಡಿದುಕೊಂಡಳು, ಎಣ್ಣೆಯ ಜಿಡ್ಡಿನ್ನೂ ಹೋಗದ ಆ ಕೈಯಲ್ಲಿ.

"ನಾನೇ ಕಣೇ" ಅಂದಳು. "ನಾನೇ ಕಣೇ ಚೆನ್ನಾಜಿ."

ಹಿಂದಿನ ಬೆಂಚಿನಲ್ಲಿ ಯಾರೋ ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಜಂಬಣ್ಣ ಗುಮಾಸ್ತನಿಗೆ, "ಆ ಕೊಪ್ಪರಿಗೆಗಳನ್ನ ನಮ್ಮ ಕೊಟ್ಟಿಗೇಲಿ ಇಡ್ಸಪ್ಪ" ಎಂದು ಹೇಳಿದ್ದು ಕೇಳಿಸಿತು. ಆಮೇಲೆ ಅವನು ಕುರ್ಚಿ ಸರಿಸಿಕೊಂಡು ಎದ್ದು ಬಂದು, "ಎಲ್ಲಿ ಕೊಡಿ, ನಾನೂ ಒಂದ್ಸಲ ನೋಡ್ತೀನಿ" ಎಂದು ಆ ಹಾಳೆಯ ಮೇಲೆ ತನ್ನ ಬೆರಳಾಡಿಸಿದ.

"ಏನೂ ತಿಳಿಯಲ್ವಲ್ಲಮ್ಮಾ. ಎಳ್ಳು ಚೆಲ್ಲಿದ ಹಾಗಿದೆ."

"ಮೊದಲು ಎಲ್ಲರಿಗೂ ಹಂಗೇ ಕಣಪ್ಪ" ಅಂದಳು ಕೋಮಲಕ್ಕ, ಮೂಗು ಒರೆಸಿಕೊಳ್ಳುತ್ತ. "ಬುಧವಾರ ಮಧ್ಯಾಹ್ನ ಸುಂಕದ ಕಟ್ಟೆಗೆ ಬಾ. ಬರುವಾಗ ನಿಮ್ಮನೆಯ ಹಳೇ ಕ್ಯಾಲೆಂಡರು ತಗೊಂಡು ಬಾ. ಹೋದ ವರ್ಷ ನಿನ್ನ ಹೆಂಡ್ತಿ ಕೊಡದೇ ಬಾಗಿಲು ಹಾಕ್ಕೊಂಡ್ಳು."